ಪದ ಬೇಕು: ಮೂರೇ ಬಟ್ಟೆಯ ಪುಟ್ಟ ‘ಆರ್ಟ್ ಕ್ವಿಲ್ಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಹೊಲಿಗೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡು ಕಡೆ ತಡೆದಿದೆ.

ಒಂದು, ‘ಆರ್ಟ್ ಕ್ವಿಲ್ಟ್’. ಹೊದೆಯಲು ಅಲ್ಲ, ಗೋಡೆಗೆ ತೂಗುಹಾಕಲು. 12 ಇಂಚಿನ ಚೌಕ. ಸಾದಾ ಬಣ್ಣದ ಮೂರೇ ಬಟ್ಟೆ. ವಿನ್ಯಾಸ ‘ಅಮೂರ್ತ’: ಹೂವಿಲ್ಲ, ಹಕ್ಕಿಯಿಲ್ಲ. ಅಲ್ಲಲ್ಲಿ ಬಾಗಿದ ಪಟ್ಟಿಗಳು, ಮಿಕ್ಕಿದ್ದು ಖಾಲಿ ಜಾಗ. ಮೇಲ್ಬಟ್ಟೆ, ನಡುವೆ ಹತ್ತಿಯ ಪದರ, ಕೆಳಗೆ ಅಸ್ತರ್, ಮೂರೂ ಸೇರಿಸಿ ಹೊಲಿದಿರುತ್ತದೆ. ‘ಕಲಾ ಹೊದಿಕೆ’ ಅಂದರೆ ಹೊದೆಯುವ ವಸ್ತು ಅನ್ನಿಸುತ್ತದೆ, ಅಲ್ವಾ?

ಎರಡು, ಬಣ್ಣದ ‘ವ್ಯಾಲ್ಯೂ’, ಅಂದರೆ ಬಣ್ಣ ಎಷ್ಟು ತಿಳಿ, ಎಷ್ಟು ಕಪ್ಪು ಅನ್ನುವುದು. ‘ಮೌಲ್ಯ’ ಅಂತ ಹಾಕಿದರೆ ಬೆಲೆ ಅಂದುಕೊಳ್ಳುತ್ತಾರೆ. ಬಟ್ಟೆ ಕಡಿಮೆಯಾದಷ್ಟೂ ಇದರ ಮೇಲೇ ಜಾಸ್ತಿ ಭಾರ ಬೀಳುತ್ತದೆ. ಹಾಗಾಗಿ ಪದ ಸರಿಯಾಗಿರಬೇಕು.

ಉತ್ತರ 1

‘ತೇಪೆಚಿತ್ತಾರ’ ಅನ್ನಿ. ಎರಡೂ ನಮ್ಮ ಮಾತುಗಳೇ. ‘ಅಮೂರ್ತ’ ಕೂಡ ಬೇಡ, ‘ಉರುವಿಲ್ಲದ’ ಸಾಕು, ಉರು ಅಂದರೆ ಆಕಾರ. ವ್ಯಾಲ್ಯೂಗೆ ‘ಕಡುಪು’. ಮತ್ತೆ ‘ಅಸ್ತರ್’ ಯಾಕೆ ಬಂತು? ಅದು ಪಾರಸಿ. ‘ಅಡಿಬಟ್ಟೆ’ ಅನ್ನಲು ಏನು ಕಷ್ಟ?

ಉತ್ತರ 2

ಒಂದೂ ಆಗದು. ತೇಪೆ ಹಾಕುವುದು ಹರಿದದ್ದಕ್ಕೆ. ಇಲ್ಲಿ ಯಾವುದೂ ಹರಿದಿಲ್ಲ. ತುಂಡು ಜೋಡಿಸುವುದೂ ಕ್ವಿಲ್ಟಿನ ಲಕ್ಷಣವಲ್ಲ. ಮೇಲ್ಬಟ್ಟೆ ಇಡಿಯಾಗಿ ಒಂದೇ ಇದ್ದರೂ, ಪದರಗಳನ್ನು ಸೇರಿಸಿ ಹೊಲಿದರೆ ಅದು ಕ್ವಿಲ್ಟೇ. ಮುಖ್ಯವಾದದ್ದು ಪದರ ಮತ್ತು ಹೊಲಿಗೆ. ಅದಕ್ಕೆ ನಮ್ಮಲ್ಲಿ ‘ಕೌದಿ’ ಇದೆ. ‘ಕವಿ’ ಅಂದರೆ ಮುಚ್ಚು. ಕೌದಿ ಬಂದಿದ್ದು ಅಲ್ಲಿಂದಲೇ ಎಂದು ನಾನು ಈ ಬಳಗದಲ್ಲಿ ಮೊದಲಿಂದ ಹೇಳುತ್ತಿದ್ದೇನೆ. ಅಂದಹಾಗೆ ‘ಚಿತ್ತಾರ’ ತದ್ಭವ. ನಮ್ಮದು ಮಾತ್ರ ಬೇಕು ಅನ್ನುವವರು ಅದನ್ನೂ ಬಿಡಬೇಕಾಗುತ್ತದೆ.

ಉತ್ತರ 3

ಸದ್ದು ಹೋಲಿದ ಮಾತ್ರಕ್ಕೆ ಧಾತು ಒಂದೇ ಆಗುವುದಿಲ್ಲ. ‘ಕವಿ’ಯನ್ನು ಇಲ್ಲಿಗೇ ಬಿಡಿ.

ಕೌದಿಗೂ ನನ್ನ ಒಪ್ಪಿಗೆ ಇಲ್ಲ. ಕೌದಿ ಹಳೆ ಸೀರೆ, ಹಳೆ ಪಂಚೆಯ ಪದರಗಳದು, ಹೊದೆಯುವಂಥದು. ಅಂಗಡಿಯ ಹೊಸ ಬಟ್ಟೆ ಕತ್ತರಿಸಿ ಗೋಡೆಗೆ ಹಾಕಿದರೆ ಅದು ಕೌದಿ ಹೇಗಾಗುತ್ತದೆ? ‘ಬೊಂತೆ’ಯೂ ಆಗದು. ‘ಕಂತೆಗೆ ತಕ್ಕ ಬೊಂತೆ’ ಅನ್ನುವಲ್ಲಿರುವ ಹಗುರ ಧ್ವನಿ ಅದನ್ನು ಬಿಡುವುದಿಲ್ಲ. ಸುಮ್ನೆ ‘ಕ್ವಿಲ್ಟ್’ ಅಂತಲೇ ಇಡಿ. ಬಸ್ಸು, ಬಟನ್ನು ಎಲ್ಲ ಬಂದಿಲ್ಲವೇ?

ಉತ್ತರ 4

ಬಸ್ಸು ಬಂದಾಗ ನಮ್ಮಲ್ಲಿ ಆ ವಸ್ತುವೇ ಇರಲಿಲ್ಲ. ಕೌದಿ ಹಾಗಲ್ಲ, ವಸ್ತುವೂ ಇದೆ, ಹೆಸರೂ ಇದೆ. ಇರುವ ಮಾತನ್ನು ಪಕ್ಕಕ್ಕೆ ತಳ್ಳಿ ತರುವ ಸಾಲ ನನಗೆ ಬೇಡ.

ಗೋಡೆಗೆ ಹೋದರೆ ಹೆಸರು ಬದಲಾಗಬೇಕು ಅನ್ನುವುದೂ ಸರಿಯಲ್ಲ. ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ 1971ರಲ್ಲಿ ಹಾಸಿಗೆಗೆಂದು ಹೊಲಿದ ಹಳೆ ಕ್ವಿಲ್ಟುಗಳನ್ನು ಅಮೂರ್ತ ಚಿತ್ರಗಳಂತೆ ಗೋಡೆಗೆ ಹಾಕಿ ತೋರಿಸಿತು. ಅವು ಕ್ವಿಲ್ಟುಗಳಾಗಿಯೇ ಉಳಿದವು. ಆ ಮಾತಿನ ಮೂಲವೂ ಹಾಸಿಗೆ, ದಿಂಬು ಎಂಬ ಅರ್ಥದ ಲ್ಯಾಟಿನ್ ‘ಕುಲ್ಕಿಟಾ’. ಅವರ ಮಾತು ಹಾಸಿಗೆಯಿಂದ ಗೋಡೆಗೆ ಏರಬಹುದಾದರೆ ನಮ್ಮದೂ ಏರಲಿ. ‘ಗೋಡೆಕೌದಿ’ ಅನ್ನಿ. ಅಮೂರ್ತ ಹಾಗೇ ಇರಲಿ. ಉರು ಇಲ್ಲದೆ ಏನಿಲ್ಲ, ಪಟ್ಟಿಗೆ ಉರು ಇದ್ದೇ ಇದೆ. ಅದು ಯಾವ ವಸ್ತುವನ್ನೂ ಹೋಲುವುದಿಲ್ಲ, ಅಷ್ಟೇ.

‘ಕಡುಪು’ ಮಾತ್ರ ದಯವಿಟ್ಟು ಬೇಡ. ಕಲಿಯುವವರು ದಾರಿ ತಪ್ಪುತ್ತಾರೆ. ಕಡುಹಳದಿ ತೀರಾ ದಟ್ಟ ಬಣ್ಣ, ಆದರೂ ಕಪ್ಪು-ಬಿಳುಪು ಫೋಟೋದಲ್ಲಿ ತಿಳಿಬೂದಿಯಾಗಿ ಬರುತ್ತದೆ. ದಟ್ಟತನ ಬೇರೆ, ವ್ಯಾಲ್ಯೂ ಬೇರೆ. ಮೂರು ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ಅಂಥ ಫೋಟೋ ತೆಗೆದಾಗ ಎರಡು ಒಂದೇ ಬೂದಿಯಾದರೆ, ದೂರದಿಂದ ನೋಡುವವರಿಗೆ ಪಟ್ಟಿಯ ಅಂಚು ಮಸುಕಾಗುತ್ತದೆ. ಬಣ್ಣದ ‘ಬೆಳಕುಮಟ್ಟ’ ಅಂದರೆ ಇದು ನೇರವಾಗಿ ಮುಟ್ಟುತ್ತದೆ.

ಕೇಳಿದವರು

ಎಲ್ಲರಿಗೂ ವಂದನೆ. ‘ಗೋಡೆಕೌದಿ’, ‘ಬೆಳಕುಮಟ್ಟ’ ಎರಡನ್ನೂ ತೆಗೆದುಕೊಂಡೆ. ‘ಅಮೂರ್ತ’ ಉಳಿಯುತ್ತದೆ. ‘ಅಸ್ತರ್’ ಕೂಡ ಉಳಿಯುತ್ತದೆ, ಹೊಲಿಯುವವರ ಬಾಯಲ್ಲಿರುವುದು ಅದೇ.

ಉತ್ತರ 1

ಹೊಲಿಯುವವರ ಬಾಯಲ್ಲಿ ‘ಲೈನಿಂಗ್’ ಕೂಡ ಇದೆ. ನಾಳೆ ಅದನ್ನೂ ಅಚ್ಚು ಹಾಕುತ್ತೀರಾ? ‘ಅಡಿಬಟ್ಟೆ’ಗೆ ನನ್ನ ಮತ. ಈ ವಿಷಯಕ್ಕೆ ಬೇರೆ ಎಳೆ ತೆರೆಯುತ್ತೇನೆ.