ಪೊರೆ ತೆಗೆಸಿದರೂ ಅಮ್ಮನಿಗೆ ಮಂಜು ಮಂಜು. ರೆಟಿನಾ ಡಾಕ್ಟರ್ ಅಂದರೆ ಯಾರು?

ಪ್ರಶ್ನೆ (ಅಂಕೋಲಾದಿಂದ): ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ 14 ವರ್ಷ. ಎರಡು ತಿಂಗಳ ಹಿಂದೆ ಪೊರೆ ತೆಗೆಸಿದೆವು. ಆದರೂ ಅಕ್ಕಿ ಆರಿಸುವಾಗ ಕಲ್ಲು ಕಾಣುತ್ತಿಲ್ಲ ಅಂತಾರೆ. ಈಗ ರೆಟಿನಾ ಡಾಕ್ಟರಿಗೆ ತೋರಿಸಿ ಅಂದಿದ್ದಾರೆ. ಇವರೂ ಕಣ್ಣಿನ ಡಾಕ್ಟರೇ ಅಲ್ವಾ? ಓದು ಬೇರೆಯಾ?

ಉತ್ತರ: ನಾನು ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆಯ ವೈದ್ಯೆ. ಒಂದು ಹಂತದವರೆಗೆ ಎಲ್ಲರ ಓದೂ ಒಂದೇ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಆಮೇಲೆ ಕಣ್ಣಿನದ್ದೇ ಎಂಎಸ್ ಅಥವಾ ಡಿಎನ್‌ಬಿ 3 ವರ್ಷ. ಅದರ ಮೇಲೆ ವಿಟ್ರಿಯೋ-ರೆಟಿನಾ ಫೆಲೋಶಿಪ್, ಅಂದರೆ ರೆಟಿನಾ ಮತ್ತು ಅದರ ಮುಂದಿನ ಲೋಳೆಯದ್ದೇ ವಿಶೇಷ ತರಬೇತಿ, ಸಾಮಾನ್ಯವಾಗಿ ಒಂದೂವರೆ-ಎರಡು ವರ್ಷ. ನನ್ನ ಫೆಲೋಶಿಪ್‌ನ ಮೊದಲ ತಿಂಗಳುಗಳಲ್ಲಿ ಕೈಗೆ ಚಾಕು ಬರಲೇ ಇಲ್ಲ. ತಲೆಗೆ ಲೈಟ್ ಕಟ್ಟಿಕೊಂಡು, ಕೈಯಲ್ಲಿ ಒಂದು ಲೆನ್ಸ್ ಹಿಡಿದು ಕಣ್ಣಿನ ಹಿಂಭಾಗ ನೋಡುವುದು, ನೋಡಿದ್ದನ್ನು ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸುವುದು, ಇಷ್ಟೇ. ಆ ಲೆನ್ಸ್‌ನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆ. ಚಿತ್ರದಲ್ಲಿ ರೆಟಿನಾ ಅಂಟಿಕೊಂಡಿದ್ದರೆ ಕೆಂಪು ಪೆನ್ಸಿಲ್, ಕಳಚಿದ್ದರೆ ನೀಲಿ. ಕಣ್ಣು ಪಳಗಿದ್ದು ಅಲ್ಲೇ.

ಹಾಗಾಗಿ "ನೀವು ರೆಟಿನಾ ಫೆಲೋಶಿಪ್ ಮಾಡಿದ್ದೀರಾ?" ಅಂತ ಧೈರ್ಯವಾಗಿ ಕೇಳಿ. ಕನ್ನಡಕದ ನಂಬರ್ ನೋಡುವವರು ಆಪ್ಟೊಮೆಟ್ರಿಸ್ಟ್, ಅವರ ಕೆಲಸ ಬೇರೆ.

ಈಗ ಅಮ್ಮನ ಕಣ್ಣು. ಪೊರೆ ಬರುವುದು ಕಣ್ಣೊಳಗೆ ಮುಂದಿರುವ ಲೆನ್ಸ್‌ಗೆ. ಸಕ್ಕರೆ ಹಾಳು ಮಾಡುವುದು ಹಿಂದಿನ ಪರದೆಯ ಸಣ್ಣ ರಕ್ತನಾಳಗಳನ್ನು. ಅವು ಸೋರಿ, ನಟ್ಟನಡುವಿನ ಮ್ಯಾಕುಲಾ ಊದಿಕೊಂಡರೆ ಸಣ್ಣದು ಯಾವುದೂ ಕಾಣುವುದಿಲ್ಲ. ಮೊನ್ನೆ ಒಬ್ಬರು ಬಾಗಿಲ ದಾರಂದವೇ ಡೊಂಕಾಗಿ ಕಾಣುತ್ತಿದೆ ಅಂತ ಬಂದಿದ್ದರು. ಪರದೆಯ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನ್ ಮಾಡಿದರೆ ಊತ ಗೊತ್ತಾಗುತ್ತದೆ, ಇದ್ದರೆ ಕಣ್ಣೊಳಗೆ ಇಂಜೆಕ್ಷನ್ ಕೊಡುತ್ತೇವೆ. ಒಂದೇ ಸಲಕ್ಕೆ ಮುಗಿಯುವುದು ಕಡಿಮೆ, ಮೊದಲು ತಿಂಗಳಿಗೊಂದರಂತೆ ಕೆಲವು ಬೇಕಾಗುತ್ತದೆ. ಪರದೆಯಲ್ಲಿ ಬೇಡದ ಹೊಸ ರಕ್ತನಾಳಗಳು ಬೆಳೆದಿದ್ದರೆ ಲೇಸರ್. ಲೇಸರ್ ಇರುವ ದೃಷ್ಟಿ ಉಳಿಸಲು, ಹೋದದ್ದನ್ನು ತರಲು ಅಲ್ಲ.

ಒಂದು ಮಾತು ನನಗೆ ಬೇಜಾರಾಗಿಯೇ ಹೇಳುತ್ತೇನೆ. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆ ಗೊತ್ತಾದ ದಿನವೇ ರೆಟಿನಾ ನೋಡಿಸಬೇಕಿತ್ತು, ಆಮೇಲೆ ವರ್ಷಕ್ಕೊಮ್ಮೆ. ನೋವಿಲ್ಲ, ಕೆಂಪಾಗುವುದಿಲ್ಲ, ಅದಕ್ಕೇ ಜನ ಸುಮ್ನೆ ಇದ್ದುಬಿಡುತ್ತಾರೆ. ಇನ್ನು ತಡ ಮಾಡಬೇಡಿ. ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಮಬ್ಬಾಗಿರುತ್ತದೆ, ನೀವು ಜೊತೆಗೆ ಹೋಗಿ.

ಪ್ರಶ್ನೆ (ಶಿರಸಿಯಿಂದ): ಅಪ್ಪನಿಗೆ ರೆಟಿನಾ ಕಳಚಿ ಮಂಗಳೂರಿನಲ್ಲಿ ಆಪರೇಷನ್ ಆಯ್ತು, ಕಣ್ಣೊಳಗೆ ಗ್ಯಾಸ್ ತುಂಬಿದ್ದಾರೆ. ನಾಳೆ ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತಿಸಿ ಕರೆದುಕೊಂಡು ಬರಬಹುದಾ?

ಉತ್ತರ: ಹೊರಡುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯ್ತು. ನಾಳೆ ಬೇಡ. ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ, ಘಟ್ಟದ ಮಾತು ಬಿಟ್ಟುಹೋಗುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರುತ್ತದೆ. ಗ್ಯಾಸ್ ಯಾವುದು, ಇನ್ನೆಷ್ಟು ಉಳಿದಿದೆ ಅಂತ ಆಪರೇಷನ್ ಮಾಡಿದವರನ್ನೇ ಕೇಳಿ. ಕೆಲವು ಎರಡು ವಾರದಲ್ಲಿ ಕರಗುತ್ತವೆ, ಕೆಲವು ಎರಡು ತಿಂಗಳವರೆಗೂ ಇರುತ್ತವೆ. ಅವರು ಒಪ್ಪುವವರೆಗೆ ಕರಾವಳಿಯಲ್ಲೇ ನೆಂಟರ ಮನೆಯಲ್ಲಿ ಉಳಿಸಿ. ಕಣ್ಣು ಜೋರಾಗಿ ನೋಯಲು ಶುರುವಾದರೆ ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ.