ಬೆರಳಚ್ಚು ಹಿಡಿಯಲ್ಲ, ಓಟಿಪಿ ಬರಲ್ಲ: ಫೋನಲ್ಲಿ ಲಾಗಿನ್ ಆಗೇ ಇರೋದು ಹೇಗೆ?

ಬಣಕಲ್ ಹುಡುಗ:
ನಮ್ಮದು ಮೂಡಿಗೆರೆ ಕಡೆ ಸಣ್ಣ ತೋಟ. ಕಾಫಿ ಕೊಯ್ಲು, ಅದು ಮುಗೀತಿದ್ದಂಗೆ ಮೆಣಸು. ಅಪ್ಪನ ಹೆಬ್ಬೆರಳಿನ ಗೆರೆಯೆಲ್ಲ ಸವೆದು, ಸಂದಿಯಲ್ಲಿ ಕಾಫಿ ಹಣ್ಣಿನ ಕಪ್ಪು ಕೂತುಬಿಟ್ಟಿದೆ. ಫೋನು ಗುರುತೇ ಹಿಡಿಯಲ್ಲ. ಪಿನ್ ಹಾಕಿದರೆ ಫೋನೇನೋ ತೆರೆಯುತ್ತದೆ, ಆದರೆ ಬ್ಯಾಂಕಿನ ಆ್ಯಪ್ ಪ್ರತಿ ಸಲ ಪಾಸ್‌ವರ್ಡ್, ಓಟಿಪಿ ಅಂತ ಶುರು ಮಾಡುತ್ತದೆ. ಮನೆಯಲ್ಲಿ ವೈ-ಫೈ ಇದೆ, ಸಿಗ್ನಲ್ ಇಲ್ಲ. ಗೇಟಿನ ಹತ್ತಿರ ಮೆಸೇಜ್ ಬರುತ್ತದೆ, ನೆಟ್ ಬರಲ್ಲ. ಅಪ್ಪ ಅಲ್ಲಿಂದ ಇಳಿದು ಬರುವಷ್ಟರಲ್ಲಿ ಓಟಿಪಿ ಅವಧಿ ಮುಗಿದಿರುತ್ತದೆ. ಜಿಮೇಲ್ ಒಂದು ಸಲ ತೆರೆದರೆ ಹಾಗೇ ಇರುತ್ತದಲ್ವಾ, ಬ್ಯಾಂಕಿನದ್ದನ್ನೂ ಹಾಗೆ ಇಡೋಕೆ ಏನಾದರೂ ಸೆಟ್ಟಿಂಗ್ ಇದೆಯಾ?

ಹಾಸನದ ರಿಪೇರಿ ಅಂಗಡಿ:
ಇಲ್ಲ ಮಾರಾಯ್ರೆ. ಲಾಗಿನ್ ಆದಾಗ ಸರ್ವರ್ ನಿಮ್ಮ ಫೋನಿಗೆ ಒಂದು ಟೋಕನ್ ಕೊಡುತ್ತದೆ, ಬಸ್ ಪಾಸ್ ಇದ್ದ ಹಾಗೆ. ಜಿಮೇಲ್ ಅದನ್ನ ತಾನೇ ಹೊಸದು ಮಾಡಿಕೊಳ್ಳುತ್ತಾ ಹೋಗುತ್ತದೆ. ಬ್ಯಾಂಕಿನವರು ಬೇಕಂತಲೇ ಅವಧಿ ಕಡಿಮೆ ಇಡುತ್ತಾರೆ, ಕೆಲವು ನಿಮಿಷ ಸುಮ್ನೆ ಬಿಟ್ಟರೆ ಹೊರಗೆ ಹಾಕುತ್ತಾರೆ. ಅದು ನಮ್ಮ ಕೈಲಿಲ್ಲ.

ಆದರೆ ನಿಮ್ಮ ತೊಂದರೆ ಬೇರೆ ಕಡೆ ಇದೆ. ಫೋನಿನ ಸಿಮ್ ಸೆಟ್ಟಿಂಗ್‌ನಲ್ಲಿ ವೈ-ಫೈ ಕಾಲಿಂಗ್ ಆನ್ ಮಾಡಿ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ. ಸಿಗ್ನಲ್ ಇಲ್ಲದಿದ್ದರೂ ಬಹಳಷ್ಟು ಫೋನಲ್ಲಿ ಮೆಸೇಜು ವೈ-ಫೈ ಮೇಲೆಯೇ ಬರುತ್ತದೆ.

ಬೆರಳಿಗೆ: ಕೊಯ್ಲಿನ ಕೈಲೇ ನೋಂದಾಯಿಸಬೇಡಿ. ರಾತ್ರಿ ಸೋಪು ಹಾಕಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಚೆನ್ನಾಗಿ ಒರೆಸಿ ಆಮೇಲೆ ಮಾಡಿ. ಜಾಸ್ತಿ ಕೆಲಸ ಮಾಡದ ಎಡಗೈ ಉಂಗುರದ ಬೆರಳು ಒಳ್ಳೆಯದು. ಕೆಲವು ಫೋನಲ್ಲಿ ಒಂದೇ ಬೆರಳನ್ನು ಎರಡು ಹೆಸರಲ್ಲಿ ಹಾಕಿದರೂ ಆಗುತ್ತದೆ. ಎಲ್ಲ ಬೆರಳನ್ನೂ ಒಟ್ಟಿಗೇ ಹಾಕಿ ಮುಗಿಸಿ, ಯಾಕಂದ್ರೆ ಫೋನಿಗೆ ಹೊಸ ಬೆರಳು ಸೇರಿದರೆ ತುಂಬ ಬ್ಯಾಂಕ್ ಆ್ಯಪ್‌ಗಳು ಹಳೆಯ ಬೆರಳಚ್ಚು ಲಾಗಿನ್ ರದ್ದು ಮಾಡಿ ಮತ್ತೆ ಪಾಸ್‌ವರ್ಡ್ ಕೇಳುತ್ತವೆ.

ಗಿರಿ ಕಡೆಯವ:
ಇಷ್ಟೆಲ್ಲ ಯಾಕೆ, ಸ್ಕ್ರೀನ್ ಲಾಕೇ ತೆಗೆದುಬಿಡಿ. ಮನೆಯಲ್ಲಿ ಯಾರು ಕದಿಯುತ್ತಾರೆ?

ಹಾಸನದ ರಿಪೇರಿ ಅಂಗಡಿ:
ಲಾಕ್ ತೆಗೆದರೆ ಬೆರಳಚ್ಚೂ ಅಳಿಸಿಹೋಗುತ್ತದೆ, ಆ್ಯಪ್‌ಗಳು ಅದರ ಮೇಲೆ ಇಟ್ಟ ಕೀಲಿಯೂ ಹೋಗುತ್ತದೆ. ಕೆಲವು ಬ್ಯಾಂಕ್ ಆ್ಯಪ್ ತೆರೆಯೋದೇ ಇಲ್ಲ. ತೊಂದರೆ ಇನ್ನೂ ಜಾಸ್ತಿ ಆಗುತ್ತೆ ಗುರು.

ಕಳಸದಿಂದ:
ಮುಖ ತೋರಿಸಿ ತೆರೆಯೋದನ್ನ ನಂಬಿ ಕೂರಬೇಡಿ. ಕಡಿಮೆ ಬೆಲೆಯ ಆಂಡ್ರಾಯ್ಡ್‌ಗಳಲ್ಲಿ ಅದು ಬರೀ ಕ್ಯಾಮೆರಾ ನೋಡುತ್ತದೆ, ಫೋನ್ ತೆರೆಯುತ್ತದೆ, ಬ್ಯಾಂಕ್ ಆ್ಯಪ್ ಒಪ್ಪಲ್ಲ. ಇನ್ನು ಜಿಮೇಲ್ ತರದ್ದಕ್ಕೆ ಓಟಿಪಿ ಮೆಸೇಜಿನ ಬದಲು ಅಥೆಂಟಿಕೇಟರ್ ಆ್ಯಪ್ ಹಾಕಿ. 30 ಸೆಕೆಂಡಿಗೊಮ್ಮೆ 6 ಅಂಕಿ ಫೋನಲ್ಲೇ ಹುಟ್ಟುತ್ತದೆ, ಸಿಗ್ನಲ್ಲೂ ಬೇಡ ನೆಟ್ಟೂ ಬೇಡ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಗೂಗಲ್ ಖಾತೆಗೆ 2023ರಿಂದ ಪಾಸ್‌ಕೀ ಕೂಡ ಇದೆ, ಪಾಸ್‌ವರ್ಡೇ ಬೇಡ, ಫೋನಿನ ಪಿನ್ ಹಾಕಿದರೂ ನಡೆಯುತ್ತದೆ. ನಿಮ್ಮಪ್ಪನಿಗೆ ಅದೇ ಸರಿ ಅನ್ನಿಸುತ್ತೆ.

ಬಣಕಲ್ ಹುಡುಗ:
ವೈ-ಫೈ ಕಾಲಿಂಗ್ ಆನ್ ಮಾಡಿದೆ, ಓಟಿಪಿ ಅಡುಗೆಮನೆಗೇ ಬಂತು! ಉಂಗುರದ ಬೆರಳು ನಾಳೆ ನೋಡ್ತೇನೆ. ಆದರೆ ಅಪ್ಪ ಪಿನ್ ಬರೆದ ಚೀಟಿ ಫೋನಿನ ಕವರ್ ಒಳಗೆ ಇಟ್ಟಿದ್ದಾರೆ, ತೆಗೀರಿ ಅಂದ್ರೆ ಕೇಳಲ್ಲ. ಫೋನ್ ಸಂತೆಯಲ್ಲಿ ಬಿದ್ದುಹೋದರೆ?

ಕಳಸದಿಂದ:
ಮೊದಲು ಸಿಮ್ ಬ್ಲಾಕ್ ಮಾಡಿಸಿ, ಯಾಕಂದ್ರೆ ಓಟಿಪಿ ಎಲ್ಲ ಅದಕ್ಕೇ ಬರೋದು. ಆಮೇಲೆ ಬ್ಯಾಂಕಿಗೆ ಫೋನ್. ಬೇರೆ ಫೋನಿಂದ ಗೂಗಲ್ ಖಾತೆಗೆ ಹೋಗಿ ಕಳೆದ ಫೋನನ್ನು ಸೈನ್ ಔಟ್ ಮಾಡಿ. ಪೊಲೀಸ್ ದೂರು ಕೊಟ್ಟ ಮೇಲೆ ಸಿಇಐಆರ್ ಅನ್ನೋ ಸರ್ಕಾರದ ಜಾಲತಾಣದಲ್ಲಿ ಐಎಂಇಐ, ಅಂದ್ರೆ ಫೋನಿನ ಗುರುತಿನ ಸಂಖ್ಯೆ, ಹಾಕಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಐಎಂಇಐ ಬೇಕಂದ್ರೆ *#06# ಒತ್ತಿ, ಈಗಲೇ ಬರೆದಿಟ್ಟುಕೊಳ್ಳಿ. ಕವರ್ ಒಳಗಲ್ಲ!