ಕೆಲಸ ಬಿಟ್ಟು ಯುರೋಪ್ ಸುತ್ತಾಟ: ಎನ್‌ಒಸಿ ಇಲ್ಲದೆ ಷೆಂಗೆನ್ ವೀಸಾ ಹೇಗೆ?

ಬೆನ್ನುಚೀಲ:
ಮಾರ್ಚ್ ಕೊನೆಗೆ ಬೆಂಗಳೂರಿನ ಕೆಲಸ ಬಿಡುತ್ತಿದ್ದೇನೆ, ನೋಟಿಸ್ ಪೀರಿಯಡ್ 60 ದಿನ. ಏಪ್ರಿಲ್ ನಡುವಿನಿಂದ ಸುಮಾರು 40 ದಿನ ವಿಯೆನ್ನಾ, ಬುಡಾಪೆಸ್ಟ್, ಬೆಲ್‌ಗ್ರೇಡ್, ಕ್ರಾಕೋವ್, ಪ್ರಾಗ್, ಬರ್ಲಿನ್ ಸುತ್ತುವ ಯೋಚನೆ. ಇದು ನನ್ನ ಮೊದಲ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ). ಹೊರಡುವ ಹೊತ್ತಿಗೆ ಎನ್‌ಒಸಿ (ಪ್ರವಾಸಕ್ಕೆ ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಡಲು ಕಂಪನಿಯೇ ಇರುವುದಿಲ್ಲ. ರಜೆ ಪತ್ರ ತೋರಿಸಿ ವೀಸಾ ಪಡೆದು, ಆಮೇಲೆ ರಾಜೀನಾಮೆ ಕೊಡಬಹುದಾ? ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ ಆಗುವ ಯೂರೇಲ್ ಪಾಸ್ ತಗೋಬೇಕಾ?

ಹಳೇಮೂಟೆ:
ರಜೆ ಪತ್ರದ ದಾರಿ ಬೇಡ. ವೀಸಾ ಕಚೇರಿಯಿಂದ ಕಂಪನಿಗೆ ಫೋನ್ ಹೋದರೆ ಕಥೆ ಮುಗಿಯಿತು, ಕೊಟ್ಟ ವೀಸಾವನ್ನೂ ರದ್ದು ಮಾಡಬಹುದು. ಕೆಲಸ ಬಿಟ್ಟಿದ್ದೇ ತಿರಸ್ಕಾರಕ್ಕೆ ಕಾರಣವಾಗಬೇಕೆಂದಿಲ್ಲ. ಅವರು ನೋಡುವುದು ಎರಡೇ: ಖರ್ಚಿಗೆ ದುಡ್ಡಿದೆಯಾ, ವಾಪಸ್ ಬರುತ್ತೀರಾ.

ನೋಟಿಸ್ ಕೊಟ್ಟ ಮೇಲೆ ಫೆಬ್ರವರಿಯಲ್ಲಿ ಅರ್ಜಿ ಹಾಕಿ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ 15 ದಿನ ಮೊದಲಿನವರೆಗೆ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೂ ಎಳೆಯುತ್ತದೆ. ಬೇಸಿಗೆ ಹತ್ತಿರವಾದಂತೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕೊನೆಯ ದಿನಾಂಕ ನಮೂದಿಸಿ ರಾಜೀನಾಮೆ ಒಪ್ಪಿದ ಪತ್ರವನ್ನು ಲೆಟರ್‌ಹೆಡ್‌ನಲ್ಲಿ ಪಡೆಯಿರಿ. ಅದರ ಜೊತೆ ಸಂಬಳದ ಸ್ಲಿಪ್, ಐಟಿಆರ್ (ಆದಾಯ ತೆರಿಗೆ ರಿಟರ್ನ್), ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಹಿಂದಿನ ವಾರ ಯಾರಿಂದಲೋ ದೊಡ್ಡ ಮೊತ್ತ ಖಾತೆಗೆ ಬಿದ್ದಿದ್ದರೆ ಅನುಮಾನ ಬರುವುದು ಖಚಿತ. ಫುಲ್ ಅಂಡ್ ಫೈನಲ್ ದುಡ್ಡನ್ನು (ಕೆಲಸ ಬಿಟ್ಟಾಗ ಕಂಪನಿ ಲೆಕ್ಕ ಚುಕ್ತಾ ಮಾಡಿ ಕೊಡುವುದು) ಲೆಕ್ಕಕ್ಕೆ ಹಿಡಿಯಬೇಡಿ, ಅದು ಬಂದಾಗ ಬರಲಿ. ಕವರ್ ಲೆಟರಿನಲ್ಲಿ ಕೆಲಸ ಬಿಟ್ಟಿರುವುದನ್ನು ನೇರವಾಗಿ ಬರೆದು, ಊರಿಗೆ ಕಟ್ಟಿಹಾಕುವುದೇನಿದೆ ಎಂದು ತೋರಿಸಿ: ಮನೆ, ಜಮೀನು, ಅವಲಂಬಿತ ತಂದೆತಾಯಿ, ಸಿಕ್ಕಿದ್ದರೆ ಮುಂದಿನ ಆಫರ್ ಲೆಟರ್.

ಇನ್ನು ಯಾವ ದೇಶಕ್ಕೆ ಅರ್ಜಿ? ಹೆಚ್ಚು ದಿನ ಇರುವ ದೇಶಕ್ಕೆ. ಲೆಕ್ಕ ಊರಿನದಲ್ಲ, ದೇಶದ್ದು: ಬರ್ಲಿನ್ 8 ದಿನ, ಡ್ರೆಸ್ಡೆನ್ 3 ದಿನ ಎಂದರೆ ಜರ್ಮನಿಗೆ 11. ಎಲ್ಲ ಕಡೆ ಸಮಸಮ ಹಂಚಿದರೆ ಮೊದಲು ಕಾಲಿಡುವ ದೇಶಕ್ಕೆ ಹಾಕಬೇಕಾಗುತ್ತದೆ. ಆ ಗೊಂದಲ ಬೇಡ, ಒಂದು ದೇಶಕ್ಕೆ ಎದ್ದು ಕಾಣುವಷ್ಟು ದಿನ ಕೊಡಿ. ಪ್ರತಿ ರಾತ್ರಿಗೂ ರದ್ದು ಮಾಡಬಹುದಾದ ಬುಕಿಂಗ್, ಪೂರ್ತಿ ಅವಧಿಗೆ ಕನಿಷ್ಠ 30,000 ಯೂರೊ ವಿಮೆ ಇರಲಿ. ಶುಲ್ಕ 90 ಯೂರೊ, ಜೊತೆಗೆ ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ. ತಿರಸ್ಕಾರವಾದರೆ ಶುಲ್ಕ ವಾಪಸಿಲ್ಲ.

ಈ ವೀಸಾದಲ್ಲಿ 90 ದಿನ ಉಳಿಯಬಹುದು ಎನ್ನುವುದು ಗರಿಷ್ಠ ಮಿತಿ ಅಷ್ಟೇ. ಮೊದಲ ಸಲದವರಿಗೆ ಪ್ರಯಾಣದ ಪಟ್ಟಿಯಲ್ಲಿ ತೋರಿಸಿದಷ್ಟೇ ದಿನ ಸಿಗುವುದು ವಾಡಿಕೆ. ವೀಸಾ ಸ್ಟಿಕ್ಕರಿನಲ್ಲಿ ದಿನಾಂಕದ ಅವಧಿ ಬೇರೆ, ಉಳಿಯಬಹುದಾದ ದಿನಗಳು ಬೇರೆ. ದಿನಾಂಕ ನೋಡಿ ಖುಷಿಪಟ್ಟು ದಿನಗಳ ಸಂಖ್ಯೆ ಮರೆಯುವವರೇ ಓವರ್‌ಸ್ಟೇ ಆಗುವುದು, ಅಂದರೆ ಅನುಮತಿ ಮೀರಿ ಉಳಿದುಬಿಡುವುದು.

ಡ್ಯಾನ್ಯೂಬ್ ದಂಡೆ:
ಬೆಲ್‌ಗ್ರೇಡ್ ವಿಷಯ ಯಾರೂ ಎತ್ತಲಿಲ್ಲ. ಸರ್ಬಿಯಾ ಷೆಂಗೆನ್‌ನಲ್ಲಿಲ್ಲ. ಸಿಂಗಲ್ ಎಂಟ್ರಿ (ಒಮ್ಮೆ ಮಾತ್ರ ಒಳಬರಬಹುದಾದ ವೀಸಾ) ಸಿಕ್ಕಿ ಬುಡಾಪೆಸ್ಟ್‌ನಿಂದ ಬೆಲ್‌ಗ್ರೇಡ್‌ಗೆ ಹೋದರೆ ನಿಮ್ಮ ವೀಸಾ ಅಲ್ಲಿಗೇ ಮುಗಿಯಿತು, ಕ್ರಾಕೋವ್‌ಗೆ ಬರಲಾಗದು. ಅರ್ಜಿಯಲ್ಲಿ ಮಲ್ಟಿಪಲ್ ಎಂಟ್ರಿ ಕೇಳಿ, ಪಟ್ಟಿಯಲ್ಲಿ ಬೆಲ್‌ಗ್ರೇಡ್ ದಿನಗಳನ್ನೂ ತೋರಿಸಿ. ಸಿಕ್ಕರೆ ಸರ್ಬಿಯಾಗೆ ಬೇರೆ ವೀಸಾ ಬೇಕಿಲ್ಲ, ಷೆಂಗೆನ್ ವೀಸಾ ನಡೆಯುತ್ತದೆ. ಸಿಗದಿದ್ದರೆ ಬೆಲ್‌ಗ್ರೇಡ್ ಕೈಬಿಡಿ.

ಪಾಸ್ ಬೇಡ. ವಿಯೆನ್ನಾ–ಬುಡಾಪೆಸ್ಟ್ ಎರಡೂಮುಕ್ಕಾಲು ಗಂಟೆ, ಪ್ರಾಗ್–ಬರ್ಲಿನ್ ನಾಲ್ಕು ಚಿಲ್ಲರೆ. ಮೊದಲೇ ತೆಗೆದರೆ ಆಯಾ ದೇಶದ ರೈಲ್ವೆ ಆ್ಯಪ್‌ನಲ್ಲೇ ಅಗ್ಗದ ಟಿಕೆಟ್ ಸಿಗುತ್ತದೆ. ಪಾಸ್‌ಗೆ ಅರ್ಥ ಬರುವುದು ದಿನವೂ ದೂರ ಓಡುವವರಿಗೆ, ಅವರಿಗೂ ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಸೀಟಿಗೆ ಬೇರೆ ದುಡ್ಡು. ಪ್ರಾಗ್, ಬುಡಾಪೆಸ್ಟ್‌ನಲ್ಲಿ ಕಾಗದದ ಮೆಟ್ರೊ ಟಿಕೆಟ್ ಕೊಂಡರಷ್ಟೇ ಸಾಲದು, ಒಳಹೋಗುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ತಪಾಸಣೆಯವರು ಪ್ರವಾಸಿ ಎಂದು ದಂಡ ಬಿಡುವುದಿಲ್ಲ.

ಚಿಲ್ಲರೆಕಾಸು:
ದುಡ್ಡಿನ ಬಗ್ಗೆ ಒಂದು ಮಾತು. ಯೂರೊ ತುಂಬಿದ ಫೊರೆಕ್ಸ್ ಕಾರ್ಡ್ (ವಿದೇಶಿ ಹಣ ಮೊದಲೇ ತುಂಬಿಸಿಟ್ಟ ಕಾರ್ಡ್) ಈ ದಾರಿಯ ಅರ್ಧಕ್ಕೆ ಮಾತ್ರ ಸರಿ. ಹಂಗೇರಿಯಲ್ಲಿ ಫೊರಿಂಟ್, ಪೋಲೆಂಡ್‌ನಲ್ಲಿ ಝ್ಲೋಟಿ, ಚೆಕ್‌ನಲ್ಲಿ ಕೊರುನಾ. ಅಲ್ಲಿ ಆ ಕಾರ್ಡ್ ಉಜ್ಜಿದರೆ ಹಣ ಬದಲಿಸುವ ಕ್ರಾಸ್-ಕರೆನ್ಸಿ ಶುಲ್ಕ ಬೀಳುತ್ತದೆ. ಮಾರ್ಕಪ್ (ವಿನಿಮಯ ದರದ ಮೇಲೆ ಬ್ಯಾಂಕ್ ಹಾಕುವ ಹೆಚ್ಚುವರಿ) ಇಲ್ಲದ ಕಾರ್ಡೂ ಒಂದಿರಲಿ. ಹೊರಡುವ ಮುನ್ನ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. ಎಟಿಎಂ ‘ರೂಪಾಯಿಯಲ್ಲೇ ಕಡಿತಗೊಳಿಸಲೇ’ ಎಂದು ಕೇಳಿದರೆ ಬೇಡ ಎನ್ನಿ, ಆ ದರ ಸಾಮಾನ್ಯವಾಗಿ ದುಬಾರಿ. ಒಟಿಪಿಗೆ ಇಲ್ಲಿನ ಸಿಮ್ ಜೀವಂತವಾಗಿರಲಿ.

ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ. ಪ್ರವಾಸ ವಿಮೆ ಊರಿಗೆ ಬಂದಮೇಲೆ ನೆರವಾಗದು. ಸ್ವಂತ ಪಾಲಿಸಿ ಈಗಲೇ ಮಾಡಿಸಿ, ಅಪಘಾತ ಬಿಟ್ಟರೆ ಮೊದಲ 30 ದಿನ ಕ್ಲೇಮ್ ಆಗುವುದಿಲ್ಲ. ಪಿಎಫ್ ಮುಟ್ಟಬೇಡಿ, 5 ವರ್ಷದ ಸೇವೆಗೆ ಮೊದಲು ತೆಗೆದರೆ ತೆರಿಗೆ.

ಬೆನ್ನುಚೀಲ:
ಸರಿ, ಡ್ರೆಸ್ಡೆನ್ ಸೇರಿಸಿ ಜರ್ಮನಿಗೇ ಹಾಕುತ್ತೇನೆ. ಮೇ ಮೊದಲ ವಾರ ಕ್ರಾಕೋವ್ ಎಂದುಕೊಂಡಿದ್ದೇನೆ.

ಡ್ಯಾನ್ಯೂಬ್ ದಂಡೆ:
ಮೇ 1 ಮತ್ತು 3 ಪೋಲೆಂಡ್‌ನಲ್ಲಿ ಸಾರ್ವಜನಿಕ ರಜೆ. ಇಡೀ ದೇಶವೇ ಪ್ರವಾಸ ಹೊರಡುವ ವಾರ, ಹಾಸ್ಟೆಲ್ ದುಬಾರಿ, ಅಂಗಡಿಗಳೂ ಮುಚ್ಚಿರುತ್ತವೆ. ಒಂದು ವಾರ ಮುಂದೆ ತಳ್ಳಿ.